ಪುಸ್ತಕದ ಬದನೆಕಾಯಿ ಅಲ್ಲ

ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ 2010ರಲ್ಲಿ ಪದವಿ ವಿದ್ಯಾರ್ಥಿನಿಯೊಬ್ಬರು ಕೊಳೆತ ಬದನೆಕಾಯಿಯ ಅಡಿಯಿಂದ ಒಂದಿಷ್ಟು ಕೊಳೆ ಕೆರೆದು ಲ್ಯಾಬಿಗೆ ಒಯ್ದರು. ಅದರಲ್ಲೊಂದು ಫೇಜ್ ಸಿಕ್ಕಿತು. ಫೇಜ್ ಎಂದರೆ ಬ್ಯಾಕ್ಟೀರಿಯಾದೊಳಗೆ ನುಗ್ಗಿ ಅದನ್ನೇ ಒಡೆದುಹಾಕುವ ವೈರಸ್. ಅದಕ್ಕೆ ‘ಮಡ್ಡಿ’ ಎಂದು ಹೆಸರು ಬಿತ್ತು.

ಸಾಮಾನ್ಯ ಬಿಎಸ್ಸಿ ಲ್ಯಾಬಿನಲ್ಲಿ ಇಂಥ ಅಚ್ಚರಿಗೆ ಜಾಗವಿಲ್ಲ; ಉತ್ತರ ಮೊದಲೇ ಗೊತ್ತಿರುತ್ತದೆ. ಲೋಲಕ ತೂಗಿಸಿದಾಗ ಗುರುತ್ವದ ಬೆಲೆ 9.8ರ ಹತ್ತಿರ ಬಾರದಿದ್ದರೆ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹೊಂದಿಸಿ ರೆಕಾರ್ಡ್ ಬರೆದವರು ಎಷ್ಟಿಲ್ಲ!

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ದಾರಿ ಬೇರೆ. ಹೋವರ್ಡ್ ಹ್ಯೂಸ್ ಮೆಡಿಕಲ್ ಇನ್‌ಸ್ಟಿಟ್ಯೂಟ್ ನೆರವಿನಿಂದ 2008ರಲ್ಲಿ ಶುರುವಾದ ‘ಸೀ-ಫೇಜಸ್’ ಕೋರ್ಸ್ ಈಗ ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿದೆ. ಮೊದಲ ವರ್ಷದವರೇ ಎಲ್ಲಿಂದಲಾದರೂ ಮಣ್ಣು ತರುತ್ತಾರೆ. ಅದನ್ನು ದ್ರಾವಣದಲ್ಲಿ ಕದಡಿ, ಸೋಸಿ, ಕ್ಷಯರೋಗಾಣುವಿನ ನಿರುಪದ್ರವಿ ನೆಂಟನಾದ ಬ್ಯಾಕ್ಟೀರಿಯಾದ ಜೊತೆ ತಟ್ಟೆಯಲ್ಲಿ ಹರಡುತ್ತಾರೆ. ಬ್ಯಾಕ್ಟೀರಿಯಾ ಸತ್ತಲ್ಲಿ ತಿಳಿಯಾದ ಚುಕ್ಕೆ ಮೂಡಿದರೆ ಫೇಜ್ ಸಿಕ್ಕಂತೆ. ಹೆಸರಿಡುವ ಹಕ್ಕು ಹುಡುಕಿದವರದು. ಎರಡನೇ ಸೆಮಿಸ್ಟರ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು, ಅದರ ಡಿಎನ್‌ಎಯಲ್ಲಿ ಯಾವ ಜೀನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಗುರುತಿಸಬೇಕು. ಇಲ್ಲಿ ಮೇಷ್ಟರಿಗೂ ಉತ್ತರ ಗೊತ್ತಿರುವುದಿಲ್ಲ. ಕೋರ್ಸಿನ ಜೀವವೇ ಅದು.

ಇದರಿಂದ ಏನುಪಯೋಗ ಎಂದು ಕೇಳುವವರಿಗೆ 2018ರಲ್ಲಿ ಒಂದು ಉತ್ತರ ಸಿಕ್ಕಿತು. ಲಂಡನ್ನಿನಲ್ಲಿ ಶ್ವಾಸಕೋಶಗಳ ಕಸಿಯಾಗಿದ್ದ 15 ವರ್ಷದ ಹುಡುಗಿಗೆ ಯಾವ ಆ್ಯಂಟಿಬಯೋಟಿಕ್‌ಗೂ ಬಗ್ಗದ ಸೋಂಕು ತಗುಲಿತ್ತು. ವೈದ್ಯರು ಪಿಟ್ಸ್‌ಬರ್ಗ್‌ನ ಮೊರೆಹೋದರು. ವಿದ್ಯಾರ್ಥಿಗಳ ಹುಡುಕಾಟದಿಂದ ಬೆಳೆದ ಅಲ್ಲಿನ ಸಂಗ್ರಹದಲ್ಲಿದ್ದ ಮೂರು ಫೇಜ್‌ಗಳು ಆಯ್ಕೆಯಾದವು. ಎರಡಕ್ಕೆ ಬ್ಯಾಕ್ಟೀರಿಯಾದೊಳಗೆ ತೆಪ್ಪಗೆ ಕೂತುಬಿಡುವ ಗುಣವಿದ್ದುದರಿಂದ, ಅದಕ್ಕೆ ಕಾರಣವಾದ ಜೀನನ್ನು ತೆಗೆಯಬೇಕಾಯಿತು. ಆ ರಿಪೇರಿ ಬೇಡವಾಗಿದ್ದ ಮೂರನೆಯದೇ ಮಡ್ಡಿ. ಫೇಜ್‌ಗಳನ್ನು ರಕ್ತನಾಳದ ಮೂಲಕ ಕೊಟ್ಟರು. ಸೋಂಕು ಪೂರ್ತಿ ತೊಲಗದಿದ್ದರೂ ಹುಡುಗಿ ಚೇತರಿಸಿಕೊಂಡು ಮನೆಗೆ ಹೋದಳು. 2019ರಲ್ಲಿ ಇದು ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು.

ತರಗತಿಯ ಕೆಲಸ ನಿಜವಾದ ಸಂಶೋಧನೆಯೇ ಎಂಬ ತಗಾದೆಯೂ ಇದ್ದದ್ದೇ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಾರಾ ಎಲ್ಜಿನ್ ಇಂಥದೇ ತರಗತಿಗಳ ಮೂಲಕ ಮುನ್ನಡೆಸಿದ ಹಣ್ಣುನೊಣದ ಜೀನೋಮ್ ಅಧ್ಯಯನ 2015ರಲ್ಲಿ ಹೊರಬಂದಾಗ ಅದಕ್ಕೆ 1,014 ಲೇಖಕರಿದ್ದರು, 900ಕ್ಕೂ ಹೆಚ್ಚು ಮಂದಿ ಪದವಿ ವಿದ್ಯಾರ್ಥಿಗಳು. ಇದೇನು ಜಾತ್ರೆಯೇ ಎಂದು ಕೆಲವರು ಹುಬ್ಬೇರಿಸಿದರು. ಕೈಯನ್ನೇ ಹಚ್ಚದ ಹಿರಿಯರ ಹೆಸರು ಪ್ರಬಂಧದಲ್ಲಿ ಕಂಡಾಗ ಈ ಹುಬ್ಬುಗಳು ಎಲ್ಲಿರುತ್ತವೋ. ಇಲ್ಲಂತೂ ವಿದ್ಯಾರ್ಥಿಗಳು ಡಿಎನ್‌ಎಯ ಅನುಕ್ರಮದ ಒಂದೊಂದು ತುಣುಕನ್ನು ಕೈಯಾರೆ ತಿದ್ದಿ, ಜೀನ್‌ಗಳನ್ನು ಗುರುತಿಸಿದ್ದರು. ಅಷ್ಟೇ ಸಾಲದೆಂದು, ಪ್ರಬಂಧದ ಕರಡನ್ನು ಓದಿ, ತಕರಾರಿದ್ದರೆ ತಿಳಿಸಿ, ಒಪ್ಪಿಗೆ ಕೊಟ್ಟವರ ಹೆಸರನ್ನಷ್ಟೇ ಪಟ್ಟಿಗೆ ಸೇರಿಸಲಾಗಿತ್ತು.