ಮಾವನ ಮಗಳು ತಂಗಿಯೋ, ಹೆಂಡತಿಯೋ?

ಮೆಸ್‌ನಲ್ಲಿ ಊಟ ಮಾಡ್ತಾ ಇರುವಾಗ ಒಂದ್ಸಲ ಈ ವಿಷಯ ಎತ್ತಿ ನೋಡಿ. "ನಮ್ಮ ಕಡೆ ಸೋದರಮಾವನ ಮಗಳನ್ನ ಮದುವೆ ಆಗ್ತಾರೆ. ಎಷ್ಟೋ ಮನೆಗಳಲ್ಲಿ ಅಕ್ಕನ ಮಗಳನ್ನೇ ತಂದುಕೊಳ್ತಾರೆ." ಹರಿಯಾಣದ ಅಥವಾ ಉತ್ತರ ಪ್ರದೇಶದ ಗೆಳೆಯ ಪಕ್ಕದಲ್ಲಿದ್ದರೆ ಅವನ ಮುಖ ನೋಡಬೇಕು. "ಛೀ, ಅವಳು ತಂಗಿ ಅಲ್ವೇನೋ?" ಅಂತಾನೆ. ನಮ್ಮ ಅಜ್ಜಿಯನ್ನ ಕೇಳಿದರೆ ಉತ್ತರ ಉಲ್ಟಾ: "ತಂಗಿ ಹೇಗಾಗ್ತಾಳೆ? ಚಿಕ್ಕಪ್ಪನ ಮಗಳಾದ್ರೆ ತಂಗಿ. ಮಾವನ ಮಗಳು ಮದುವೆಗೆ ವರಸೆ."

ಇಬ್ಬರಿಗೂ ತಮ್ಮ ಉತ್ತರದ ಬಗ್ಗೆ ಎಳ್ಳಷ್ಟೂ ಅನುಮಾನ ಇಲ್ಲ. ಇಬ್ಬರಿಗೂ ಅದು 'ಪದ್ಧತಿ' ಅಂತ ಅನಿಸುವುದೇ ಇಲ್ಲ, ಪ್ರಕೃತಿಯ ನಿಯಮ ಅಂತ ಅನಿಸುತ್ತದೆ. ಸಾಂಸ್ಕೃತಿಕ ಮೌಲ್ಯಗಳು ಕೆಲಸ ಮಾಡುವುದೇ ಹೀಗೆ. ಅವು ಊರಿಂದ ಊರಿಗೆ ಯಾಕೆ ಬದಲಾಗ್ತವೆ, ಕಾಲದಿಂದ ಕಾಲಕ್ಕೆ ಹೇಗೆ ಬದಲಾಗ್ತವೆ ಅನ್ನೋದನ್ನ ಈ ಒಂದೇ ಪ್ರಶ್ನೆ ಹಿಡಿದು ನೋಡೋಣ.

ಭಾಷೆಯೊಳಗೇ ಇರುವ ಕೋಡ್

ಕನ್ನಡದ ಸಂಬಂಧವಾಚಕಗಳನ್ನ ಸ್ವಲ್ಪ ಗಮನಿಸಿ. ಅಪ್ಪನ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪ. ಅಂದರೆ ಅವರೂ ಒಂದು ಬಗೆಯ ಅಪ್ಪಂದಿರೇ. ಅಮ್ಮನ ಅಕ್ಕತಂಗಿಯರು ದೊಡ್ಡಮ್ಮ, ಚಿಕ್ಕಮ್ಮ. ಅವರೂ ಅಮ್ಮಂದಿರೇ. ಹಾಗಾಗಿ ಅವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಅಲ್ಲಿ ಮದುವೆಯ ಮಾತೇ ಇಲ್ಲ.

ಅಮ್ಮನ ಅಣ್ಣ ಅಥವಾ ತಮ್ಮ ಮಾತ್ರ 'ಮಾವ'. ಅಪ್ಪನ ಅಕ್ಕ ಅಥವಾ ತಂಗಿ 'ಅತ್ತೆ'. ಹೆಂಡತಿಯ ಅಪ್ಪ, ಗಂಡನ ಅಪ್ಪ ಕೂಡ 'ಮಾವ'. ಅವರ ಅಮ್ಮಂದಿರು 'ಅತ್ತೆ'. 'ಅಳಿಯ' ಅಂದರೆ ಮಗಳ ಗಂಡನೂ ಹೌದು, ಗಂಡಸಿಗೆ ಅಕ್ಕನ ಮಗನೂ ಹೌದು. 'ಸೊಸೆ' ಪದವೂ ಹಾಗೇ ಎರಡು ಕಡೆ ದುಡಿಯುತ್ತದೆ. ಅತ್ತೆಯ ಮಗ 'ಭಾವ', ಅಕ್ಕನ ಗಂಡನೂ 'ಭಾವ'. ಇದು ಪದಗಳ ಬಡತನ ಅಲ್ಲ. ಸೋದರಮಾವನ ಮಗಳನ್ನ ಮದುವೆಯಾದರೆ ಮಾವ ಮಾವನಾಗಿಯೇ ಉಳೀತಾನೆ, ಯಾರನ್ನೂ ಹೊಸ ಹೆಸರಿಂದ ಕರೆಯಬೇಕಾಗಿಲ್ಲ. ಮದುವೆಯ ನಿಯಮವನ್ನ ಶಬ್ದಕೋಶದೊಳಗೇ ಬರೆದಿಟ್ಟ ಹಾಗೆ.

ಈಗ ಹಿಂದಿ ನೋಡಿ. ಅಮ್ಮನ ತಮ್ಮ 'ಮಾಮಾ', ಅಪ್ಪನ ತಂಗಿಯ ಗಂಡ 'ಫೂಫಾ', ಹೆಂಡತಿಯ ಅಪ್ಪ 'ಸಸುರ್'. ನಾವು ಮೂವರನ್ನೂ 'ಮಾವ' ಅಂತೀವಿ, ಅಲ್ಲಿ ಮೂವರಿಗೂ ಬೇರೆ ಬೇರೆ ಹೆಸರು. ಆದರೆ ಚಾಚಾನ ಮಗ ಚಚೇರಾ ಭಾಯಿ, ಮಾಮಾನ ಮಗ ಮಮೇರಾ ಭಾಯಿ, ಬುವಾಳ ಮಗ ಫುಫೇರಾ ಭಾಯಿ, ಎಲ್ಲರೂ ಭಾಯಿಗಳೇ. ಹುಟ್ಟಿದ ಮನೆ ಬೇರೆ, ಸಂಬಂಧ ಬೆಳೆಸುವ ಮನೆ ಬೇರೆ ಅನ್ನೋದು ಅಲ್ಲಿನ ವ್ಯವಸ್ಥೆ. ನಿಮ್ಮ ಹರಿಯಾಣದ ಗೆಳೆಯ 'ತಂಗಿ ಅಲ್ವಾ' ಅಂದಾಗ ನಾಟಕ ಮಾಡ್ತಿಲ್ಲ. ಅವನ ಭಾಷೆಯಲ್ಲಿ ಅವಳು ನಿಜವಾಗಿಯೂ ತಂಗಿ.

ಇದನ್ನ ಲೋಕದ ಬೇರೆ ಕಡೆಯೂ ಜನ ಗಮನಿಸಿದ್ದಾರೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಕ್ಷಿಣ ಭಾರತದ ಸಂಬಂಧವಾಚಕಗಳಿಗೂ ಅಲ್ಲಿನ ಮೂಲನಿವಾಸಿ ಇರೋಕ್ವಾ ಜನರ ಸಂಬಂಧವಾಚಕಗಳಿಗೂ ಇರುವ ಹೋಲಿಕೆಯನ್ನ ಎತ್ತಿ ತೋರಿಸಿದ. ನಮ್ಮಲ್ಲಿ ಇರಾವತಿ ಕರ್ವೆ 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ಬರೆದ ಪುಸ್ತಕದಲ್ಲಿ ಉತ್ತರ ಮತ್ತು ದಕ್ಷಿಣದ ಈ ವ್ಯತ್ಯಾಸವನ್ನ ವಿವರವಾಗಿ ಬಿಡಿಸಿಟ್ಟರು.

ಎರಡು ಸಾವಿರ ವರ್ಷಕ್ಕೂ ಹಳೆಯ ಜಗಳ

ಈ ಉತ್ತರ-ದಕ್ಷಿಣ ವಾದ ನಿನ್ನೆ ಮೊನ್ನೆಯದಲ್ಲ. ಬೌಧಾಯನ ಧರ್ಮಸೂತ್ರದಲ್ಲಿ ದಕ್ಷಿಣದವರಿಗೇ ವಿಶೇಷವಾದ ಐದು ಆಚಾರಗಳ ಪಟ್ಟಿ ಇದೆ. ಹೆಂಡತಿಯ ಜೊತೆ ಕೂತು ಉಣ್ಣೋದು, ತಂಗಳು ತಿನ್ನೋದು, ಇವುಗಳ ಜೊತೆಗೆ ಸೋದರಮಾವನ ಮಗಳನ್ನ ಅಥವಾ ಸೋದರತ್ತೆಯ ಮಗಳನ್ನ ಮದುವೆಯಾಗೋದು. ಉತ್ತರದವರಿಗೂ ಒಂದು ಪಟ್ಟಿ ಇದೆ: ಉಣ್ಣೆ ಮಾರೋದು, ಮದ್ಯ ಕುಡಿಯೋದು, ಆಯುಧಗಳ ಕಸುಬು, ಸಮುದ್ರಯಾನ ಇತ್ಯಾದಿ. ಆಯಾ ದೇಶದಲ್ಲಿ ಆಯಾ ಆಚಾರಕ್ಕೆ ದೋಷವಿಲ್ಲ, ಒಬ್ಬರದನ್ನ ಇನ್ನೊಬ್ಬರು ಮಾಡಿದರೆ ದೋಷ ಅನ್ನೋ ನಿಲುವು ಅಲ್ಲಿದೆ. ಗೌತಮ ಇದನ್ನ ಒಪ್ಪಲಿಲ್ಲ ಅಂತಲೂ ಅದೇ ಗ್ರಂಥ ದಾಖಲಿಸುತ್ತದೆ.

ಮಹಾಭಾರತವೂ ಈ ವಾದದಿಂದ ತಪ್ಪಿಸಿಕೊಂಡಿಲ್ಲ. ಕುಂತಿ ವಸುದೇವನ ತಂಗಿ, ಸುಭದ್ರೆ ವಸುದೇವನ ಮಗಳು. ಅಂದರೆ ಅರ್ಜುನ ಮದುವೆಯಾಗಿದ್ದು ಸೋದರಮಾವನ ಮಗಳನ್ನೇ! ನಮಗೆ ಇದು ಸಹಜ ಅನಿಸಿದರೆ, ಮೀಮಾಂಸಕ ಕುಮಾರಿಲ ಭಟ್ಟ ಇದಕ್ಕೆ ಸಮಜಾಯಿಷಿ ಹುಡುಕಬೇಕಾಯ್ತು. ಮುಂದೆ 14ನೇ ಶತಮಾನದಲ್ಲಿ ವಿಜಯನಗರ ಕಾಲದ ಮಾಧವಾಚಾರ್ಯರು ಪರಾಶರ ಸ್ಮೃತಿಗೆ ಬರೆದ ವ್ಯಾಖ್ಯಾನದಲ್ಲಿ ಸೋದರಮಾವನ ಮಗಳ ಮದುವೆಯನ್ನ ಸಮರ್ಥಿಸಿದರು. ಶಾಸ್ತ್ರ ಒಂದೇ, ಓದುವವರ ಊರು ಬೇರೆ. ತೀರ್ಪೂ ಬೇರೆ.

ಒಂದೇ ರಾಜ್ಯದಲ್ಲಿ ಎಷ್ಟು ನಿಯಮ?

'ದಕ್ಷಿಣ' ಅಂತ ಒಂದೇ ಗುಂಪು ಮಾಡಿದರೂ ತಪ್ಪಾಗುತ್ತದೆ. ಬಯಲುಸೀಮೆಯ ಎಷ್ಟೋ ಸಮುದಾಯಗಳಲ್ಲಿ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು ಅಂತಲೇ ಭಾವಿಸಿದ್ದರು. ಅಲ್ಲಿನ ತರ್ಕ ಸರಳ: ಅಕ್ಕ ಮದುವೆಯಾಗಿ ಬೇರೆ ಮನೆತನಕ್ಕೆ ಹೋದಳು, ಅವಳ ಮಗಳು ಆ ಮನೆತನದವಳು, ಆದ್ದರಿಂದ ತರಬಹುದು.

ಘಟ್ಟ ಇಳಿದು ತುಳುನಾಡಿಗೆ ಬನ್ನಿ. ಅಳಿಯಸಂತಾನದ ಸಮುದಾಯಗಳಲ್ಲಿ 'ಬಳಿ' ಬರೋದು ತಾಯಿಯಿಂದ. ಅಕ್ಕನ ಬಳಿ ನನ್ನದೇ, ಅವಳ ಮಗಳ ಬಳಿಯೂ ನನ್ನದೇ. ಒಂದೇ ಬಳಿಯಲ್ಲಿ ಮದುವೆ ಇಲ್ಲ. ಹಾಗಾಗಿ ಅಕ್ಕನ ಮಗಳನ್ನ ಮದುವೆಯಾಗೋದು ಅಲ್ಲಿ ಊಹಿಸಲೂ ಆಗದ ಮಾತು. ಆದರೆ ಸೋದರಮಾವನ ಮಗಳು ಅವಳ ತಾಯಿಯ ಬಳಿಗೆ ಸೇರಿದವಳು, ಆ ಮದುವೆ ಆಗಬಹುದು. ನೋಡಿ, 'ನಮ್ಮ ಕುಲದೊಳಗೆ ಬೇಡ' ಅನ್ನೋ ನಿಯಮ ಘಟ್ಟದ ಮೇಲೂ ಕೆಳಗೂ ಒಂದೇ. ಕುಲ ಅಪ್ಪನಿಂದ ಬರುತ್ತೋ ಅಮ್ಮನಿಂದ ಬರುತ್ತೋ ಅನ್ನೋ ಒಂದು ವೇರಿಯಬಲ್ ಬದಲಾದ ಕೂಡಲೇ ಔಟ್‌ಪುಟ್ ತಲೆಕೆಳಗಾಯ್ತು.

ಅದೇ ಊರಿನ ಮುಸ್ಲಿಂ ಮನೆಗಳಲ್ಲಿ ಚಿಕ್ಕಪ್ಪನ ಮಕ್ಕಳ ನಡುವೆ ಮದುವೆಗೆ ಧರ್ಮದ ಅಡ್ಡಿ ಇಲ್ಲ, ಆದರೆ ಸೋದರಮಾವ ಮತ್ತು ಸೊಸೆಯ ಮದುವೆ ಕುರಾನಿನ ಪ್ರಕಾರ ನಿಷಿದ್ಧ. ಹೀಗೆ ಒಂದೇ ಬೀದಿಯಲ್ಲಿ ಮೂರು ಮನೆ, ಮೂರು ಥರದ 'ತಂಗಿ'.

ಕಾನೂನು ಕೂಡ ಈ ವೈವಿಧ್ಯಕ್ಕೆ ತಲೆಬಾಗಿದೆ. 1955ರ ಹಿಂದೂ ವಿವಾಹ ಕಾಯ್ದೆ ಮಾವ-ಸೊಸೆ ಮತ್ತು ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆಯನ್ನ ನಿಷೇಧಿಸುತ್ತದೆ. ತಾಯಿಯ ಕಡೆ ಮೂರು ತಲೆಮಾರು, ತಂದೆಯ ಕಡೆ ಐದು ತಲೆಮಾರಿನ ಸಪಿಂಡ ಸಂಬಂಧವನ್ನೂ ನಿಷೇಧಿಸುತ್ತದೆ. ಆದರೆ ಜೊತೆಗೇ ಒಂದು ಬಾಗಿಲು ತೆರೆದಿಟ್ಟಿದೆ: ಇಬ್ಬರ ಕಡೆಯ ರೂಢಿಯೂ ಒಪ್ಪಿದರೆ ಮದುವೆ ಸಿಂಧು. ಅಂಥ ರೂಢಿ ಇರುವ ಮನೆಯವರಿಗೆ ಮಂಡ್ಯದಲ್ಲಿ ಸಿಂಧುವಾಗುವ ಮದುವೆ, ರೂಢಿ ಇಲ್ಲದವರಿಗೆ ಮೀರಠ್‌ನಲ್ಲಿ ಅಸಿಂಧು. ಕಾಯ್ದೆ ಮಾತ್ರ ಒಂದೇ.

ಹಾಗಾದ್ರೆ ಸೈನ್ಸ್ ಏನನ್ನುತ್ತೆ?

ಇಲ್ಲಿ ನಮ್ಮಂಥವರು ಥಟ್ ಅಂತ ಹೇಳೋದು, "ಗೋತ್ರದ ನಿಯಮದ ಹಿಂದೆ ಸೈನ್ಸ್ ಇದೆ" ಅಂತ. ಲೆಕ್ಕ ಹಾಕಿ ನೋಡೋಣ.

ಅಜ್ಜ-ಅಜ್ಜಿ ಒಂದೇ ಆಗಿರುವ ಇಬ್ಬರು ಕಸಿನ್‌ಗಳ ನಡುವೆ ಸರಾಸರಿ 1/8ರಷ್ಟು ಡಿಎನ್‌ಎ ಸಮಾನ. ಮಾವ ಮತ್ತು ಅಕ್ಕನ ಮಗಳ ನಡುವೆ 1/4. ಇವರ ಮಕ್ಕಳಲ್ಲಿ ಒಂದು ಜೀನಿನ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬಂದಿರುವ ಸಂಭವ ಕ್ರಮವಾಗಿ 1/16 ಮತ್ತು 1/8. ದೋಷವಿರುವ ಜೀನಿನ ಒಂದೇ ಪ್ರತಿ ಇದ್ದರೆ ಎಷ್ಟೋ ಕಾಯಿಲೆ ಮೈಮೇಲೆ ಕಾಣಿಸಿಕೊಳ್ಳುವುದಿಲ್ಲ, ಎರಡೂ ಸೇರಿದಾಗ ಕಾಣಿಸುತ್ತವೆ. ಸಾಮಾನ್ಯ ದಂಪತಿಗಳ ಮಕ್ಕಳಲ್ಲಿ ಗಂಭೀರ ಹುಟ್ಟು ತೊಂದರೆಯ ಸಂಭವ 100ಕ್ಕೆ 2ರಿಂದ 3 ಇದ್ದರೆ, ಕಸಿನ್ ದಂಪತಿಗಳಲ್ಲಿ ಅದು ಸುಮಾರು ಇಮ್ಮಡಿ. ಮಾವ-ಸೊಸೆ ಮದುವೆಯಲ್ಲಿ ಇನ್ನೂ ಹೆಚ್ಚು. ಇದು ಸಣ್ಣ ವಿಷಯ ಅಲ್ಲ.

ಆದರೆ ಗಮನಿಸಿ, ಚಿಕ್ಕಪ್ಪನ ಮಗಳಾದರೂ 1/8, ಮಾವನ ಮಗಳಾದರೂ 1/8. ನಮ್ಮ ಅಜ್ಜಿ ಎಳೆದ ಗೆರೆ ಜೀನ್‌ಗಳಿಗೆ ಗೊತ್ತೇ ಇಲ್ಲ. ಗೋತ್ರದ ಗೆರೆಯೂ ಅಷ್ಟೇ. ಹತ್ತು ಹದಿನೈದು ತಲೆಮಾರಿನ ಹಿಂದೆ ಒಬ್ಬ ಪೂರ್ವಜನನ್ನ ಹಂಚಿಕೊಂಡ ಸಗೋತ್ರದವರ ನಡುವೆ ಆ ಪೂರ್ವಜನಿಂದ ಬಂದ ಸಮಾನ ಡಿಎನ್‌ಎ ಹೆಚ್ಚೂಕಡಿಮೆ ಸೊನ್ನೆ, ಆದರೂ ನಿಷೇಧ. ಅಮ್ಮನ ತಂಗಿಯ ಮಗಳ ಗೋತ್ರ ಬೇರೆಯೇ ಇರಬಹುದು, ಅಲ್ಲಿ 1/8.

ಇನ್ನೊಂದು ಕಡೆಯಿಂದ ನೋಡಿ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಇದ್ದ ತಂಡವೊಂದು 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಡಿಎನ್‌ಎ ಅಧ್ಯಯನ ಪ್ರಕಟಿಸಿತು. ಅವುಗಳಲ್ಲಿ 81 ಸಮುದಾಯಗಳು ಬಹಳ ಕಡಿಮೆ ಪೂರ್ವಜರಿಂದ ಬೆಳೆದು, ಶತಮಾನಗಳ ಕಾಲ ತಮ್ಮೊಳಗೇ ಮದುವೆಯಾಗುತ್ತಾ ಬಂದಿದ್ದರ ಗುರುತು ಬಲವಾಗಿ ಕಂಡಿತು. ಅಂದರೆ ಸಂಬಂಧದಲ್ಲಿ ಮದುವೆಯಾಗದೆ ಬರೀ ಜಾತಿಯೊಳಗೇ ಮದುವೆಯಾದರೂ ಅಪರೂಪದ ಕಾಯಿಲೆಗಳು ಸುತ್ತಿ ಸುತ್ತಿ ಬರಬಹುದು. "ಸಂಬಂಧದಲ್ಲಿ ಬೇಡ, ಸೈನ್ಸ್ ಒಪ್ಪಲ್ಲ" ಅನ್ನುವ ಎಷ್ಟು ಜನ "ಜಾತಿಯೊಳಗೂ ಬೇಡ, ಸೈನ್ಸ್ ಒಪ್ಪಲ್ಲ" ಅಂತಾರೆ ಹೇಳಿ? ನಾವು ಮೊದಲು ಮೌಲ್ಯವನ್ನ ಆರಿಸಿಕೊಳ್ತೀವಿ. ಸೈನ್ಸನ್ನ ಆಮೇಲೆ ಸಾಕ್ಷಿಗೆ ಕರೀತೀವಿ.

ಯಾಕೆ ಇತ್ತು, ಯಾಕೆ ಹೋಗ್ತಿದೆ

ಈ ಪದ್ಧತಿ ಸುಮ್ಮನೆ ಉಳಿದಿರಲಿಲ್ಲ. ಹೊಲ ಮನೆಯೊಳಗೇ ಉಳಿಯುತ್ತಿತ್ತು. ಹುಡುಗಿ ಕಾಲಿಡುವ ಮನೆಯಲ್ಲಿ ಅತ್ತೆ ಅಂದರೆ ಸ್ವಂತ ಅಜ್ಜಿ ಅಥವಾ ಅಪ್ಪನ ತಂಗಿ, ಪರಿಚಯದ ಮುಖ. ಅದೇ ಉತ್ತರದಲ್ಲಿ ಸೊಸೆ ಬೇರೆ ಊರಿನ, ಗುರುತಿಲ್ಲದ ಮನೆಗೆ ತಲೆ ಮೇಲೆ ಸೆರಗೆಳೆದುಕೊಂಡು ಹೋಗ್ತಾಳೆ. ಈ ವ್ಯತ್ಯಾಸಕ್ಕೆ ಕರ್ವೆ ತುಂಬ ಮಹತ್ವ ಕೊಟ್ಟಿದ್ದರು.

ಈಗ ಬದಲಾಗ್ತಿದೆ. ಓದು, ನಗರ, ಡಾಕ್ಟರ ಸಲಹೆ ಎಲ್ಲ ಕಾರಣವೇ. ಆದರೆ ಯಾರೂ ಹೆಚ್ಚು ಮಾತಾಡದ ಒಂದು ಕಾರಣ ಬರೀ ಅಂಕಗಣಿತ. ಹಿಂದೆ ಅಜ್ಜಿಗೆ ಆರೇಳು ಮಕ್ಕಳು. ಹಿರಿಮಗಳಿಗೂ ಕಿರಿಮಗನಿಗೂ 16 ವರ್ಷ ಅಂತರ ಅಂದುಕೊಳ್ಳಿ. ಹಿರಿಮಗಳಿಗೆ 18ಕ್ಕೆ ಹೆಣ್ಣುಮಗು ಹುಟ್ಟಿದರೆ, ಆ ಮಗುವಿಗೂ ಸೋದರಮಾವನಿಗೂ ಬರೀ ಎರಡು ವರ್ಷದ ಅಂತರ. ಈಗ ಮನೆಗೆ ಎರಡು ಮಕ್ಕಳು, ನಡುವೆ ನಾಲ್ಕು ವರ್ಷ. ಅಕ್ಕನಿಗೆ 27ಕ್ಕೆ ಮಗು ಹುಟ್ಟಿದರೆ ಮಾವ ಆಗಲೇ 23ರ ಯುವಕ. ಪದ್ಧತಿ ಬೇಕು ಅಂದರೂ ವಯಸ್ಸು ಹೊಂದುವುದಿಲ್ಲ. ಒಂದೇ ಮಗು ಇರುವ ಮನೆಗಳಿಂದ ಬಂದ ಗಂಡಹೆಂಡತಿಗೆ ಹುಟ್ಟುವ ಮಗುವಿಗೆ ಸೋದರಮಾವನೂ ಇಲ್ಲ, ಸೋದರತ್ತೆಯೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಹಾಗಂತ ಪದ್ಧತಿ ಮಾಯವಾಗಿಯೂ ಇಲ್ಲ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಮಹಿಳೆಯರಲ್ಲಿ ಸುಮಾರು 27% ಜನ ಸಂಬಂಧದಲ್ಲೇ ಮದುವೆಯಾದವರು. ಇಡೀ ದೇಶದಲ್ಲಿ ಇದು ಸುಮಾರು 11%.

ಬದಲಾವಣೆ ನಮ್ಮೊಬ್ಬರದೇ ಕಥೆಯೂ ಅಲ್ಲ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಮದುವೆಯಾಗಿದ್ದು ತನ್ನ ಸೋದರಮಾವನ ಮಗಳು ಎಮ್ಮಾ ವೆಜ್‌ವುಡ್‌ಳನ್ನ. ಆಗಿನ ಇಂಗ್ಲೆಂಡಿನ ಸಿರಿವಂತ ಮನೆಗಳಲ್ಲಿ ಅದು ಸಾಮಾನ್ಯ. ಇವತ್ತು ಅಲ್ಲಿ ಅದನ್ನ ಮುಜುಗರದಿಂದ ನೋಡುವವರೇ ಹೆಚ್ಚು. ಚೀನಾ 1980ರ ವಿವಾಹ ಕಾನೂನಿನಲ್ಲಿ ಕಸಿನ್ ಮದುವೆಯನ್ನ ನಿಷೇಧಿಸಿತು. ದಕ್ಷಿಣ ಕೊರಿಯಾ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಯಿತು. ಅಲ್ಲಿ ಒಂದೇ ಕುಲನಾಮ ಮತ್ತು ಒಂದೇ ಮೂಲಸ್ಥಾನದವರು, ನಮ್ಮ ಸಗೋತ್ರದವರ ಹಾಗೆ, ಎಷ್ಟು ದೂರದವರಾದರೂ ಮದುವೆಯಾಗುವಂತಿರಲಿಲ್ಲ. 1997ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಈ ನಿಯಮ ಸಂವಿಧಾನಕ್ಕೆ ಒಪ್ಪುವುದಿಲ್ಲ ಅಂದಿತು. ಒಂದು ಕಡೆ ಗೆರೆ ಬಿಗಿಯಾಯ್ತು, ಇನ್ನೊಂದು ಕಡೆ ಸಡಿಲವಾಯ್ತು.

ಹಾಗಂತ ಎಲ್ಲವೂ ಸರಿಯಾ?

'ಅವರವರ ಊರಿನ ಪದ್ಧತಿ ಅವರವರಿಗೆ' ಅಂತ ಹೇಳಿ ಕೈ ತೊಳೆದುಕೊಳ್ಳೋದು ಸುಲಭ. ಆದರೆ ಪದ್ಧತಿ ಯಾರ ಮೇಲೆ ನಡೆಯುತ್ತೆ ಅಂತಲೂ ಕೇಳಬೇಕು. ನಮ್ಮ ಕಡೆ "ಹುಟ್ಟಿದಾಗಲೇ ಮಾತಾಗಿದೆ" ಅಂದುಬಿಟ್ಟರೆ ಹುಡುಗಿಗೆ 'ಒಲ್ಲೆ' ಅನ್ನೋದು ಬಹಳ ಕಷ್ಟ. ಅಮ್ಮನ ತವರಿನ ಬಾಗಿಲೇ ಮುಚ್ಚಿಹೋಗುತ್ತದೆ ಅನ್ನೋ ಭಯ. ಹರಿಯಾಣದಲ್ಲಿ ಉಲ್ಟಾ. ಒಂದೇ ಗೋತ್ರದ ಅಥವಾ ಒಂದೇ ಊರಿನ ಇಬ್ಬರು ಇಷ್ಟಪಟ್ಟು ಮದುವೆಯಾದರೆ ಖಾಪ್ ಪಂಚಾಯಿತಿಗಳು ಬಹಿಷ್ಕಾರ ಹಾಕಿದ್ದುಂಟು, ಮನೆಯವರೇ ಕೊಂದದ್ದೂ ಉಂಟು. ಒಂದು ಕಡೆ 'ಇವನನ್ನೇ ಆಗು', ಇನ್ನೊಂದು ಕಡೆ 'ಇವನನ್ನು ಆಗಬೇಡ'. ನಿಯಮ ತದ್ವಿರುದ್ಧ, ಆದರೆ ನಿರ್ಧಾರ ಮಾಡುವವರು ಎರಡೂ ಕಡೆ ಮದುವೆಯಾಗುವವರಲ್ಲ. ಹಾಗಾಗಿ ಒಂದು ಸಂಸ್ಕೃತಿಯನ್ನ ಅಳೆಯಬೇಕಾದರೆ ಅದು ಗೆರೆಯನ್ನ ಎಲ್ಲಿ ಎಳೆದಿದೆ ಅನ್ನೋದಕ್ಕಿಂತ, ಆ ಗೆರೆಯ ಬಗ್ಗೆ ಮಾತಾಡುವ ಹಕ್ಕು ಅಲ್ಲಿ ಯಾರಿಗಿದೆ ಅನ್ನೋದು ಮುಖ್ಯ ಅನಿಸುತ್ತದೆ.

ಕೊನೆಗೆ ಮತ್ತೆ ಪದಗಳಿಗೆ ಬರೋಣ. ಈಗ ನಾವೆಲ್ಲ ಅತ್ತೆಯ ಮಗನಿಗೂ 'ಕಸಿನ್', ಚಿಕ್ಕಪ್ಪನ ಮಗನಿಗೂ 'ಕಸಿನ್' ಅಂತೀವಿ. ಸೋದರಮಾವನೂ 'ಅಂಕಲ್', ಚಿಕ್ಕಪ್ಪನೂ 'ಅಂಕಲ್'. ಯಾವ ಧರ್ಮಸೂತ್ರವೂ, ಯಾವ ಕಾಯ್ದೆಯೂ ಅಳಿಸಲಾಗದಿದ್ದ ಗೆರೆಯನ್ನ ಈ ಎರಡು ಇಂಗ್ಲಿಷ್ ಪದಗಳು ಸದ್ದಿಲ್ಲದೆ ಅಳಿಸುತ್ತಿವೆ. ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು, ಯಾರು ಯಾರಿಗೆ ಏನಾಗಬೇಕು ಅಂತ ಒಂದು ವಂಶವೃಕ್ಷ ಬರೆಸಿಕೊಳ್ಳಿ. ಒಂದೇ ಮನುಷ್ಯನಿಗೆ ಎರಡು ಮೂರು ದಾರಿಯಿಂದ ಸಂಬಂಧ ಬರುವ ಆ ಗ್ರಾಫ್, ಡೇಟಾ ಸ್ಟ್ರಕ್ಚರ್ ಕ್ಲಾಸಿನ ಟ್ರೀಯಂತೆ ಖಂಡಿತ ಇರುವುದಿಲ್ಲ.