‘ಸಂಶೋಧನೆಯಿಂದ ಸಾಬೀತಾಗಿದೆ’ ಎಂಬ ಫಾರ್ವರ್ಡ್ ಬಂದರೆ ಮೊದಲು ಏನು ಕೇಳಬೇಕು?

‘ಡಾರ್ಕ್ ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ!’ 2015ರಲ್ಲಿ ಈ ಸುದ್ದಿ ಜರ್ಮನಿಯ ‘ಬಿಲ್ಡ್’ ಪತ್ರಿಕೆಯ ಮುಖಪುಟದಲ್ಲಿ ಬಂತು. ಅಲ್ಲಿಂದ ಹಲವು ದೇಶಗಳ ಪತ್ರಿಕೆ, ವೆಬ್‌ಸೈಟು, ಟಿವಿಗಳಿಗೆ ಹರಡಿತು. ಸುದ್ದಿಯ ಹಿಂದೆ ಒಂದು ಪ್ರಯೋಗ ನಿಜವಾಗಿಯೂ ನಡೆದಿತ್ತು. ಜನರಿಗೆ ಚಾಕೊಲೇಟ್ ಕೊಟ್ಟಿದ್ದರು, ತೂಕ ಅಳೆದಿದ್ದರು, ಲೆಕ್ಕ ಹಾಕಿದ್ದರು. ಲೇಖನ ಒಂದು ವೈದ್ಯಕೀಯ ಜರ್ನಲ್‌ನಲ್ಲಿ ಪ್ರಕಟವೂ ಆಗಿತ್ತು.

ಆದರೂ ಆ ತೀರ್ಮಾನಕ್ಕೆ ಬೆಲೆ ಇರಲಿಲ್ಲ. ಏಕೆಂದು ತಿಳಿಯಬೇಕಾದರೆ ಸಂಶೋಧಕರು ‘ಸಾಬೀತಾಯಿತು’ ಎಂದು ಹೇಳುವ ಮೊದಲು ಮಾಡುವ ಪರೀಕ್ಷೆಯೊಂದನ್ನು ನಾವೂ ತಿಳಿದಿರಬೇಕು. ಅದರಲ್ಲಿ ಕೇಳುವುದು ಒಂದೇ ಪ್ರಶ್ನೆ: ಇದು ಬರೀ ಆಕಸ್ಮಿಕವಾಗಿಯೂ ಆಗಬಹುದಿತ್ತಲ್ಲವೇ?

ಎಂಟು ಕಪ್ ಚಹಾದ ಕಥೆ

1920ರ ದಶಕದ ಆರಂಭ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪಾಚಿಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ ಒಂದು ಮಾತು ಹೇಳಿದರು. ಕಪ್ಪಿಗೆ ಮೊದಲು ಹಾಲು ಹಾಕಿದ್ದಾರೋ ಚಹಾ ಹಾಕಿದ್ದಾರೋ ಎಂಬುದನ್ನು ಕುಡಿದು ನೋಡಿ ಹೇಳಬಲ್ಲೆ ಎಂದರು. ಅಲ್ಲೇ ಕೆಲಸ ಮಾಡುತ್ತಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನು ನಂಬಲಿಲ್ಲ. ಇಂಥ ಮಾತನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನು ಅವರು 1935ರಲ್ಲಿ ಬಂದ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ ವಿವರಿಸಿದರು.

ಎಂಟು ಕಪ್ ಚಹಾ ಮಾಡಿ. ನಾಲ್ಕಕ್ಕೆ ಮೊದಲು ಹಾಲು, ಉಳಿದ ನಾಲ್ಕಕ್ಕೆ ಮೊದಲು ಚಹಾ. ಕಪ್‌ಗಳನ್ನು ಹಿಂದುಮುಂದು ಮಾಡಿ ಅವರ ಮುಂದಿಡಿ. ಮೊದಲು ಹಾಲು ಹಾಕಿದ ನಾಲ್ಕು ಕಪ್ ಯಾವುವು ಎಂದು ಅವರು ಆರಿಸಬೇಕು.

ಈಗ ಫಿಶರ್ ಹೇಳುವ ಮುಖ್ಯ ಹೆಜ್ಜೆ. ‘ಇವರಿಗೆ ಆ ಶಕ್ತಿ ಇಲ್ಲ, ಸುಮ್ಮನೆ ಅಂದಾಜಿನಲ್ಲಿ ಹೇಳುತ್ತಿದ್ದಾರೆ’ ಎಂದು ಮೊದಲೇ ಇಟ್ಟುಕೊಳ್ಳಬೇಕು. ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಅಥವಾ ನಲ್ ಹೈಪಾಥಿಸಿಸ್ ಎಂದು ಹೆಸರು. ಎಂಟರಲ್ಲಿ ನಾಲ್ಕು ಕಪ್ ಆರಿಸಲು 70 ದಾರಿಗಳಿವೆ. ಅವುಗಳಲ್ಲಿ ಪೂರ್ತಿ ಸರಿಯಾಗಿರುವುದು ಒಂದೇ. ಅಂದರೆ ಏನೂ ಗೊತ್ತಿಲ್ಲದವರು ಅದೃಷ್ಟದಿಂದ ಎಲ್ಲವನ್ನೂ ಸರಿ ಹೇಳುವ ಸಾಧ್ಯತೆ 70ರಲ್ಲಿ 1, ಸುಮಾರು ಶೇ 1.4. ಅವರು ಎಲ್ಲವನ್ನೂ ಸರಿಯಾಗಿ ಹೇಳಿದರೆ ‘ಬರೀ ಅದೃಷ್ಟ’ ಎನ್ನುವುದು ಕಷ್ಟ.

ನಾಲ್ಕರಲ್ಲಿ ಮೂರನ್ನು ಮಾತ್ರ ಸರಿಯಾಗಿ ಆರಿಸಿದರೆ? ಕೇಳಲು ಚೆನ್ನಾಗಿಯೇ ಇದೆ. ಆದರೆ ಅಂದಾಜಿನಲ್ಲೇ ಮೂರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ 70ರಲ್ಲಿ 17, ಅಂದರೆ ಸುಮಾರು ಶೇ 24. ಇಷ್ಟಕ್ಕೆ ನಂಬಲಾಗದು.

ಇಲ್ಲಿ ಬಂದ ಶೇ 1.4, ಶೇ 24 ಎಂಬ ಸಂಖ್ಯೆಗಳೇ ಪಿ-ವ್ಯಾಲ್ಯೂ. ‘ನಿಜಕ್ಕೂ ಏನೂ ಪರಿಣಾಮ ಇಲ್ಲದಿದ್ದರೂ ಇಂಥ ಅಥವಾ ಇದಕ್ಕಿಂತ ದೊಡ್ಡ ಫಲಿತಾಂಶ ಬರುವ ಸಾಧ್ಯತೆ ಎಷ್ಟು?’ ಎಂಬುದಕ್ಕೆ ಅದು ಉತ್ತರ. ಹಲವು ಕ್ಷೇತ್ರಗಳಲ್ಲಿ ಅದು 0.05ಕ್ಕಿಂತ, ಅಂದರೆ ಶೇ 5ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶವನ್ನು ಗಣನೀಯ ಎನ್ನುತ್ತಾರೆ. ಈ ಶೇ 5 ಎಂಬುದು ರೂಢಿಯಿಂದ ಬಂದ ಗೆರೆ, ಪ್ರಕೃತಿಯ ನಿಯಮವೇನಲ್ಲ.

ಕೋರ್ಟಿನಂತೆಯೇ

ಕೋರ್ಟಿನಲ್ಲಿ ಆರೋಪಿಯನ್ನು ಮೊದಲು ನಿರಪರಾಧಿ ಎಂದೇ ಭಾವಿಸುತ್ತಾರೆ. ಸಾಕ್ಷ್ಯ ಗಟ್ಟಿಯಾಗಿದ್ದರೆ ಮಾತ್ರ ಶಿಕ್ಷೆ. ಸಾಕ್ಷ್ಯ ಸಾಲದಿದ್ದರೆ ಸಂಶಯದ ಲಾಭ ಕೊಟ್ಟು ಬಿಡುತ್ತಾರೆ. ಬಿಟ್ಟ ಮಾತ್ರಕ್ಕೆ ಆತ ತಪ್ಪು ಮಾಡಿಲ್ಲ ಎಂದು ಸಾಬೀತಾದಂತಲ್ಲ.

ಸಂಶೋಧನೆಯಲ್ಲೂ ಹಾಗೆಯೇ ಎರಡು ಬಗೆಯ ತಪ್ಪುಗಳು ಆಗಬಹುದು. ಕೆಲಸ ಮಾಡದ ಔಷಧಿಯನ್ನು ‘ಕೆಲಸ ಮಾಡುತ್ತದೆ’ ಎನ್ನುವುದು ಮೊದಲನೆಯದು. ಇದು ನಿರಪರಾಧಿಗೆ ಶಿಕ್ಷೆ ಕೊಟ್ಟಂತೆ. ಕೆಲಸ ಮಾಡುವ ಔಷಧಿಯನ್ನು ಗುರುತಿಸದೆ ಕೈಬಿಡುವುದು ಎರಡನೆಯದು. ಇದು ಅಪರಾಧಿಯನ್ನು ಬಿಟ್ಟುಬಿಟ್ಟಂತೆ. ಕೆಲವೇ ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಈ ಎರಡನೇ ತಪ್ಪು ಸುಲಭವಾಗಿ ಆಗುತ್ತದೆ.

ಚಾಕೊಲೇಟ್ ಗುಟ್ಟು

ಈಗ ಚಾಕೊಲೇಟಿಗೆ ಬರೋಣ. ಆ ಪ್ರಯೋಗವನ್ನು ವಿಜ್ಞಾನ ಪತ್ರಕರ್ತ ಜಾನ್ ಬೊಹಾನನ್ ಮತ್ತು ಸಂಗಡಿಗರು ಬೇಕೆಂದೇ ಕೆಟ್ಟದಾಗಿ ರೂಪಿಸಿದ್ದರು. ಅರೆಬರೆ ಸಂಶೋಧನೆ ಎಷ್ಟು ಸುಲಭವಾಗಿ ಸುದ್ದಿಯಾಗುತ್ತದೆ ಎಂದು ತೋರಿಸುವುದು ಅವರ ಉದ್ದೇಶ. ಕೊನೆಗೆ ಲೆಕ್ಕಕ್ಕೆ ಉಳಿದವರು 15 ಜನ, ಮೂರು ಗುಂಪುಗಳಲ್ಲಿ. ನಡೆದದ್ದು ಮೂರು ವಾರ. ಆದರೆ ಅಳೆದದ್ದು ತೂಕ, ಕೊಲೆಸ್ಟರಾಲ್, ಸೋಡಿಯಂ, ನಿದ್ದೆ ಹೀಗೆ 18 ಸಂಗತಿಗಳು!

ಗುಟ್ಟಿರುವುದು ಈ 18ರಲ್ಲಿ. ಒಂದೊಂದು ಅಳತೆಯಲ್ಲೂ ಆಕಸ್ಮಿಕವಾಗಿ ‘ಗಣನೀಯ’ ಫಲಿತಾಂಶ ಬರುವ ಸಾಧ್ಯತೆ ಶೇ 5. ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೆ, 18ರಲ್ಲಿ ಕನಿಷ್ಠ ಒಂದಾದರೂ ಹಾಗೆ ಬರುವ ಸಾಧ್ಯತೆ ಸುಮಾರು ಶೇ 60. ಅಂದರೆ 18 ಲಾಟರಿ ಟಿಕೆಟ್ ಕೊಂಡು, ಬಹುಮಾನ ಬಂದ ಒಂದನ್ನು ಮಾತ್ರ ಊರಿಗೆಲ್ಲ ತೋರಿಸಿದಂತೆ. ಆ ಸಲ ಬಹುಮಾನ ಬಂದದ್ದು ‘ತೂಕ’ಕ್ಕೆ. ನಿದ್ದೆಗೆ ಬಂದಿದ್ದರೆ ‘ಚಾಕೊಲೇಟ್ ತಿಂದರೆ ಗಾಢ ನಿದ್ದೆ’ ಎಂಬ ಸುದ್ದಿ ನಮ್ಮ ಫೋನಿಗೆ ಬರುತ್ತಿತ್ತು.

ಪ್ರಾಣದ ಪ್ರಶ್ನೆಯಾದಾಗ

ಚಾಕೊಲೇಟಿನಿಂದ ದೊಡ್ಡ ಅನಾಹುತ ಆಗಲಿಲ್ಲ. 2020ರ ಮಾರ್ಚ್‌ನಲ್ಲಿ ವಿಷಯ ಹಾಗಿರಲಿಲ್ಲ. ಫ್ರಾನ್ಸಿನ ಮಾರ್ಸೇ ನಗರದ ತಂಡವೊಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ ಕೊರೊನಾ ವೈರಸ್ ಬೇಗ ಹೋಗುತ್ತದೆ ಎಂದು ವರದಿ ಮಾಡಿತು. ಅಮೆರಿಕದ ಅಧ್ಯಕ್ಷ ಟ್ರಂಪ್ ಅದನ್ನು ಟ್ವೀಟ್ ಮಾಡಿದರು. ನಮ್ಮಲ್ಲೂ ಜನ ಮೆಡಿಕಲ್ ಶಾಪ್‌ಗಳಿಗೆ ಮುಗಿಬಿದ್ದರು. ಲೂಪಸ್, ಸಂಧಿವಾತದಂಥ ಕಾಯಿಲೆಗೆ ನಿತ್ಯ ಅದೇ ಮಾತ್ರೆ ನುಂಗುತ್ತಿದ್ದವರು ಪರದಾಡಿದರು. ಮಾರ್ಚ್ ಕೊನೆಯಲ್ಲಿ ಕೇಂದ್ರ ಸರ್ಕಾರ ಅದರ ಮಾರಾಟಕ್ಕೆ ಬಿಗಿ ನಿಯಮ ತರಬೇಕಾಯಿತು.

ಆ ಅಧ್ಯಯನದ ಲೆಕ್ಕದಲ್ಲಿದ್ದವರು ಕೇವಲ 36 ಜನ. ಮಾತ್ರೆ ಪಡೆದವರು 26 ಮಂದಿ, ಆದರೆ ಅವರಲ್ಲಿ 6 ಮಂದಿಯನ್ನು ಲೆಕ್ಕದಿಂದ ಬಿಟ್ಟಿದ್ದರು. ಹಾಗೆ ಬಿಟ್ಟವರಲ್ಲಿ ಮೂವರು ಐಸಿಯುಗೆ ಹೋಗಿದ್ದರು, ಒಬ್ಬರು ತೀರಿಕೊಂಡಿದ್ದರು. ಪಿ-ವ್ಯಾಲ್ಯೂ ಎಷ್ಟೇ ಚಿಕ್ಕದಿರಲಿ, ಯಾರನ್ನು ಲೆಕ್ಕಕ್ಕೆ ಹಿಡಿದರು ಎಂಬುದೇ ಸರಿಯಿಲ್ಲದಿದ್ದರೆ ಅದು ನಮ್ಮನ್ನು ಕಾಪಾಡುವುದಿಲ್ಲ. ಆ ಲೇಖನವನ್ನು 2024ರ ಡಿಸೆಂಬರ್‌ನಲ್ಲಿ ಜರ್ನಲ್ ಹಿಂತೆಗೆದುಕೊಂಡಿತು.

ಸರಿಯಾದ ಪರೀಕ್ಷೆ ಬ್ರಿಟನ್ನಿನಲ್ಲಿ ‘ರಿಕವರಿ’ ಎಂಬ ಹೆಸರಿನಲ್ಲಿ ನಡೆಯಿತು. ಆಸ್ಪತ್ರೆ ಸೇರಿದ ರೋಗಿಗಳಲ್ಲಿ 1,561 ಮಂದಿಗೆ ಈ ಮಾತ್ರೆಯನ್ನೂ ಸೇರಿಸಿ ಕೊಟ್ಟರು, 3,155 ಮಂದಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. 28 ದಿನಗಳಲ್ಲಿ ಮಾತ್ರೆ ಪಡೆದವರಲ್ಲಿ ಶೇ 27 ಮಂದಿ, ಪಡೆಯದವರಲ್ಲಿ ಶೇ 25 ಮಂದಿ ತೀರಿಕೊಂಡರು. ಪಿ-ವ್ಯಾಲ್ಯೂ 0.15. ಮಾತ್ರೆಯಿಂದ ಜೀವ ಉಳಿದದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಹಾಗೆಂದು ‘ಮಾತ್ರೆಯಿಂದಲೇ ಹೆಚ್ಚು ಜನ ಸತ್ತರು’ ಎಂದು ಹೇಳಲೂ ಈ ವ್ಯತ್ಯಾಸ ಸಾಲದು.

ಇದೇ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧಿ ಗೆದ್ದಿತು. ವೆಂಟಿಲೇಟರ್‌ನಲ್ಲಿದ್ದವರ ಸಾವಿನ ಪ್ರಮಾಣ ಶೇ 41.4 ಇದ್ದದ್ದು, ಈ ಔಷಧಿ ಪಡೆದವರಲ್ಲಿ ಶೇ 29.3ಕ್ಕೆ ಇಳಿಯಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಮಾತ್ರ ಅದರಿಂದ ಲಾಭ ಕಾಣಲಿಲ್ಲ. ‘ಡೆಕ್ಸಾಮೆಥಾಸೋನ್ ಕೊರೊನಾಗೆ ಮದ್ದು’ ಎಂಬ ಒಂದು ಸಾಲಿನ ಫಾರ್ವರ್ಡ್‌ನಲ್ಲಿ ಈ ಕೊನೆಯ ಮಾತು ಇರುವುದಿಲ್ಲ.

ಎರಡು ತಪ್ಪು ತಿಳಿವಳಿಕೆಗಳು

ಪಿ-ವ್ಯಾಲ್ಯೂ 0.05 ಎಂದರೆ ‘ಇದು ನಿಜವಾಗಿರುವ ಸಾಧ್ಯತೆ ಶೇ 95’ ಎಂದಲ್ಲ. ಪರಿಣಾಮ ಇಲ್ಲವೆಂದುಕೊಂಡು ಹಾಕಿದ ಲೆಕ್ಕ ಅದು, ಪರಿಣಾಮ ಇದೆಯೋ ಇಲ್ಲವೋ ಎಂಬುದರ ಲೆಕ್ಕವಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಒಂದು ಹೇಳಿಕೆ ಹೊರಡಿಸಿ ಇದನ್ನೇ ಎಚ್ಚರಿಸಿತು.

‘ಗಣನೀಯ’ ಎಂದರೆ ‘ದೊಡ್ಡದು’ ಎಂದೂ ಅಲ್ಲ. ಲಕ್ಷಾಂತರ ಜನರನ್ನು ಅಳೆದರೆ ನೂರು ಗ್ರಾಂ ತೂಕದ ವ್ಯತ್ಯಾಸವೂ ಗಣನೀಯ ಎಂದೇ ಬರಬಹುದು. ಅಷ್ಟಕ್ಕೆ ನಮ್ಮ ಬೆಲ್ಟು ಸಡಿಲವಾಗುವುದಿಲ್ಲ.

ಫಾರ್ವರ್ಡ್ ಒತ್ತುವ ಮೊದಲು

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಜನರ ಮೇಲೆ ಪರೀಕ್ಷಿಸಿದ್ದಾರೆ? ಔಷಧಿ ತೆಗೆದುಕೊಳ್ಳದವರ ಗುಂಪಿನೊಂದಿಗೆ ಹೋಲಿಸಿದ್ದಾರೆಯೇ, ಆ ಗುಂಪುಗಳನ್ನು ಚೀಟಿ ಎತ್ತಿದಂತೆ ಮಾಡಿದ್ದಾರೆಯೇ? ಎಷ್ಟೋ ಅಳತೆಗಳಲ್ಲಿ ಗೆದ್ದ ಒಂದನ್ನು ಮಾತ್ರ ತೋರಿಸುತ್ತಿದ್ದಾರೆಯೇ? ವ್ಯತ್ಯಾಸ ಎಷ್ಟು ದೊಡ್ಡದು, ಯಾರಿಗೆ ಅನ್ವಯಿಸುತ್ತದೆ?

‘ನಮ್ಮ ಪಕ್ಕದ ಮನೆಯವರು ಈ ಕಷಾಯ ಕುಡಿದರು, ಶುಗರ್ ಇಳಿಯಿತು’ ಎಂಬ ಮೆಸೇಜಿಗೂ ಇವೇ ಪ್ರಶ್ನೆಗಳು ಸಾಕು. ಅವರ ಶುಗರ್ ಇಳಿದದ್ದು ನಿಜವೇ ಇರಬಹುದು. ಆದರೆ ಕಷಾಯ ಕುಡಿಯದಿದ್ದರೆ ಇಳಿಯುತ್ತಿರಲಿಲ್ಲವೇ? ಕುಡಿದೂ ಇಳಿಯದವರು ಎಷ್ಟು ಮಂದಿ? ಅವರು ಮೆಸೇಜ್ ಕಳಿಸುವುದಿಲ್ಲವಲ್ಲ.

ಗ್ರೂಪಿನಲ್ಲಿರುವ ಯಾರೋ ಹಿರಿಯರು ನಮ್ಮ ಮೆಸೇಜ್ ನಂಬಿ ನಾಳೆ ಬೆಳಿಗ್ಗೆಯ ಮಾತ್ರೆ ನಿಲ್ಲಿಸಬಹುದು. ಇವುಗಳಿಗೆ ಉತ್ತರ ಸಿಗುವವರೆಗೆ ಆ ಮೆಸೇಜ್ ನಮ್ಮ ಫೋನಿನಲ್ಲೇ ಇರಲಿ. ಮಾತ್ರೆ ಬದಲಿಸುವ ಮಾತು ಏನಿದ್ದರೂ ಡಾಕ್ಟರ ಹತ್ತಿರವೇ ಆಗಲಿ.