ಬಸ್ಸೇ ನಿಲ್ಲದ ಬಸ್ ಸ್ಟಾಪು

ಬಸ್ಸು ಬಾರದ ಸ್ಟಾಪು ನಮ್ಮ ಪ್ರಯಾಣಿಕರಿಗೇನೂ ಹೊಸದಲ್ಲ. ಆದರೆ ಬಸ್ಸು ನಿಲ್ಲಲೇಬಾರದು ಅಂತ ಬೇಕಂತಲೇ ಸ್ಟಾಪು ನೆಟ್ಟವರೂ ಇದ್ದಾರೆ ಸ್ವಾಮಿ! ಜರ್ಮನಿಯ ಡಸೆಲ್‌ಡಾರ್ಫ್ ನಗರದ ಬೆನ್ರಾತ್ ವೃದ್ಧಾಶ್ರಮದ ಎದುರಿನ ಇಂಥ ಸ್ಟಾಪಿನ ಸುದ್ದಿ 2008ರಲ್ಲಿ ಹೊರದೇಶದ ಪತ್ರಿಕೆಗಳಲ್ಲೂ ಬಂತು.

ಅಲ್ಲಿದ್ದವರು ಮರೆವಿನ ರೋಗದ ಮುದುಕರು. ಡಾಕ್ಟರುಗಳು ಡಿಮೆನ್ಷಿಯಾ ಅಂತಾರೆ. ನಾವು 'ಅರವತ್ತಕ್ಕೆ ಅರಳು ಮರಳು' ಅಂದು ನಕ್ಕು ಸುಮ್ಮನಾಗೋದು ಇದನ್ನೇ. ಇದು ಬರೀ ವಯಸ್ಸಿನ ಗುಣವಲ್ಲ, ಮಿದುಳಿನ ಕಾಯಿಲೆ. ಬೆಳಗ್ಗೆ ತಿಂದ ತಿಂಡಿ ನೆನಪಿರೋಲ್ಲ. 40 ವರ್ಷದ ಹಿಂದಿನ ಮನೆ ಕಣ್ಣೆದುರೇ ಇರುತ್ತೆ. 'ಮನೆಗೆ ಹೋಗ್ಬೇಕು, ಮಕ್ಕಳು ಕಾಯ್ತಿದ್ದಾರೆ' ಅಂತ ಎದ್ದು ನಡೆದೇ ಬಿಡೋರು. ಹುಡುಕೋಕೆ ಪೊಲೀಸರೇ ಬರಬೇಕಿತ್ತು.

ಬೀಗ ಹಾಕಿದರೆ ಗಲಾಟೆ. ಆದರೆ ಸ್ಟಾಪಿನ ಬೋರ್ಡು ಕಂಡರೆ ಕಾಲು ತಾನಾಗಿ ನಿಲ್ಲುತ್ತೆ. ಹಳೇ ಅಭ್ಯಾಸ ಅಷ್ಟು ಬೇಗ ಅಳಿಯೋಲ್ಲ. ಕಾದು ಕೂತವರನ್ನು ಸಿಬ್ಬಂದಿ ಬಂದು, ಬಸ್ಸು ತಡವಾಗುತ್ತೆ, ಒಳಗೆ ಬಂದು ಕಾಫಿ ಕುಡೀರಿ ಅಂತ ಕರೆಯೋರು. ಸ್ವಲ್ಪ ಹೊತ್ತಿಗೆ ಹೊರಟಿದ್ದೇ ಮರೆತಿರೋದು.

ಇದು ಮೋಸ ಅಲ್ವೆ? ಪ್ರಶ್ನೆ ಸರಿಯಾದದ್ದೇ. ಆದರೆ ತೀರಿಹೋದ ಗಂಡನನ್ನು ಕೇಳೋ ಅಜ್ಜಿಗೆ ದಿನಾ 'ಸತ್ತು ಹತ್ತು ವರ್ಷವಾಯ್ತು' ಅಂದರೆ ಆಕೆಗೆ ದಿನಾ ಹೊಸ ಸಾವು. 'ಅವರು ಏನು ಕೆಲಸ ಮಾಡ್ತಿದ್ರು?' ಅಂತ ಕೇಳಿ ನೋಡಿ. ಸುಳ್ಳು ಹೇಳಿದಂತಾಗೋಲ್ಲ, ಅಜ್ಜಿಯೂ ಹೇಳ್ತಾ ಕೂರಬಹುದು. ಸುಳ್ಳು ಸ್ಟಾಪಿಗಿಂತ ಈ ದಾರಿ ಮೇಲು ಅಂತ ನನಗನ್ನಿಸುತ್ತೆ.

ನೆದರ್‌ಲೆಂಡ್ಸಿನ ವೇಸ್ಪ್ ಊರಲ್ಲಿ 2009ರಲ್ಲಿ ತೆರೆದ ಹೋಗೆವೈಕ್ ಇನ್ನೂ ಮುಂದೆ ಹೋಯಿತು. ಆರೇಳು ಮಂದಿಗೊಂದು ಮನೆ. ಬೀದಿ, ತೋಟ, ಹೋಟೆಲು, ದಿನಸಿ ಅಂಗಡಿ ಎಲ್ಲ ಉಂಟು. ಹೊರಬಾಗಿಲಿಗೆ ಕಾವಲು, ಒಳಗೆ ಇಷ್ಟಬಂದಲ್ಲಿ ಓಡಾಡಬಹುದು.

ನಮ್ಮಲ್ಲಿ? 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನವರು 2010ರಲ್ಲಿ ಇಂಥವರಿಗೆಂದೇ ಕೇಂದ್ರ ತೆರೆದರು. ಆದರೆ ಹಗಲೂ ರಾತ್ರಿ ಆಳು ಬೇಕಾದ ಆರೈಕೆ ಸಣ್ಣ ಅಂಗಡಿಯೋರ ಜೇಬಿಗೆ ಎಟುಕೋದೆಲ್ಲಿ? ಬಹುಪಾಲು ಕಡೆ ಮನೆ ಹೆಣ್ಣುಮಕ್ಕಳೇ ದಾದಿ, ಮನೆ ಚಿಲಕವೇ ಕಾವಲು. ಜಿಲ್ಲೆಗೊಂದು ಕಡೆ ನಾಲ್ಕು ಕೋಣೆ, ಒಂದು ಅಂಗಳ, ಕಲಿತ ಆಳುಗಳು ಇರಲಿ ಅಂತ ಕೇಳೋದು ತಪ್ಪೆ?

ಅಲ್ಲೀವರೆಗೆ ಅಂಗಡಿಯೋರಿಗೊಂದು ಮಾತು. ಯಾರೋ ಅಜ್ಜ ಒಂದೇ ದಿನ ಮೂರನೇ ಸಲ ಬಂದು ಅದೇ ಕಾಲು ಕೇಜಿ ಸಕ್ಕರೆ ಕೇಳಿದರೆ ಗದರಬೇಡಿ. ಸ್ಟೂಲು ಹಾಕಿ ಕೂರಿಸಿ, ಮನೆಗೊಂದು ಫೋನ್ ಮಾಡಿ.